ತೋಟದ ಎಟಿವಿಗೆ ದೊಡ್ಡ ಟಯರ್: ಹಾಕುವ ಮೊದಲು, ಹಾಕುವಾಗ, ಹಾಕಿದ ಮೇಲೆ

ನಮ್ಮ ಅಡಿಕೆ ತೋಟ ಹೆಬ್ರಿಯಿಂದ ಒಳಗೆ, ಆಗುಂಬೆ ಘಾಟಿಯ ಬುಡದಲ್ಲಿದೆ. ಮನೆಯಿಂದ ಕೆಳಗಿನ ತೋಟಕ್ಕೆ ಇಳಿಯುವ ದಾರಿ ಅರ್ಧ ಕಿಲೊಮೀಟರೂ ಇಲ್ಲ. ಆದರೆ ತೋಡು (ಸಣ್ಣ ಹಳ್ಳ) ದಾಟಿದ ಕೂಡಲೇ ಸಿಗುವ ಹತ್ತು ಮೀಟರ್ ಜಾಗ ಪ್ರತಿ ಜುಲೈಯಲ್ಲೂ ನಮ್ಮನ್ನು ನಿಲ್ಲಿಸುತ್ತಿತ್ತು. ಚಕ್ರ ಹೋದ ಎರಡು ಜಾಡುಗಳು ಹೊಂಡ ಬಿದ್ದು, ನಡುವೆ ಮಣ್ಣಿನ ದಿಣ್ಣೆ ಉಳಿಯುತ್ತದೆ. ನಮ್ಮ ಎಟಿವಿಯ, ಅಂದರೆ ಕಚ್ಚಾ ದಾರಿಗೆಂದೇ ಮಾಡಿದ ನಾಲ್ಕು ಚಕ್ರದ ಸಣ್ಣ ಗಾಡಿಯ, ಹೊಟ್ಟೆ ಆ ದಿಣ್ಣೆಯ ಮೇಲೆ ಕೂತರೆ ನಾಲ್ಕು ಚಕ್ರಗಳೂ ತಿರುಗುತ್ತವೆ, ಗಾಡಿ ಮಾತ್ರ ಕದಲುವುದಿಲ್ಲ. ಮಳೆ ಸ್ವಲ್ಪ ಹೊಳವು ಕೊಟ್ಟಿತೆಂದು ಕೊಳೆರೋಗಕ್ಕೆ ಬೋರ್ಡೊ ಸಿಂಪಡಿಸಲು ಹೊರಟಿರುತ್ತೇವೆ. ಮೈಲುತುತ್ತು, ಸುಣ್ಣ, ಪಂಪು, ಪೈಪು ಎಲ್ಲವನ್ನೂ ಹೇರಿಕೊಂಡು ಅಲ್ಲಿ ಹಾರೆ ಗುದ್ದಲಿ ಹಿಡಿದು ನಿಂತರೆ ಆ ದಿನದ ಕೆಲಸ ಹೋದಂತೆಯೇ.

ದೊಡ್ಡ ಟಯರ್ ಹಾಕಿದ್ದು ಆ ಹತ್ತು ಮೀಟರಿಗಾಗಿ. ಎರಡು ಸಲ ಹಾಕಿದ್ದೇನೆ. ಮೊದಲ ಸಲ ಆಳವಾದ ಗಡ್ಡೆಗಳಿರುವ 27 ಇಂಚಿನ ಕೆಸರಿನ ಟಯರ್ ತಂದೆ. ಒಂದೇ ಮಳೆಗಾಲದಲ್ಲಿ ಗಾಡಿಯ ಬೆಲ್ಟ್ ಸುಟ್ಟುಹೋಯಿತು. ಮರುವರ್ಷ 26 ಇಂಚಿಗೆ ಇಳಿದೆ. ಈಗ ಅವುಗಳ ಮೂರನೆಯ ಮಳೆಗಾಲ, ಗಾಡಿ ಒಮ್ಮೆಯೂ ಅಲ್ಲಿ ಕೂತಿಲ್ಲ. ಮಂಗಳೂರಿನ ಕೆಪಿಟಿ ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮಾಡಿ, ಕೆಲವು ವರ್ಷ ವರ್ಕ್‌ಶಾಪಿನಲ್ಲಿ ದುಡಿದು, ಆಮೇಲೆ ತೋಟಕ್ಕೆ ಮರಳಿದವನು ನಾನು. ಎರಡು ಸಲದ ಕೆಲಸದಲ್ಲಿ ಏನು ಅಳೆದೆ, ಯಾವುದನ್ನು ಅಳೆಯದೆ ಕೆಟ್ಟೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಬೆಲ್ಟಿನ ಗಾಡಿ: ಎಂಜಿನ್ನಿನ ಶಕ್ತಿ ರಬ್ಬರ್ ಬೆಲ್ಟಿನ ಮೂಲಕ ನಾಲ್ಕು ಚಕ್ರಕ್ಕೂ ಹೋಗುತ್ತದೆ. ಸಮುದ್ರ ತೀರದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವಂಥ ಚೈನಿನ ಸಣ್ಣ ಗಾಡಿಗಳ ವಿಚಾರ ಒಂದೆರಡು ಕಡೆ ಬೇರೆಯಾಗುತ್ತದೆ, ಅದನ್ನೂ ಹೇಳುತ್ತೇನೆ.

ಎಷ್ಟು ದೊಡ್ಡದು ಸಾಕು

ಮೊದಲು ಹಳೆಯ ಟಯರಿನ ಮಗ್ಗುಲು ಒರೆಸಿ ಅಂಕಿ ಓದಿ. ನಮ್ಮ ಗಾಡಿಯ ಮುಂದಿನ ಟಯರ್ 25×8-12, ಹಿಂದಿನದು 25×10-12. ಮೊದಲ ಅಂಕಿ ಟಯರಿನ ಒಟ್ಟು ಎತ್ತರ, ಎರಡನೆಯದು ಅಗಲ, ಮೂರನೆಯದು ರಿಮ್ಮಿನ ವ್ಯಾಸ. ಮೂರೂ ಇಂಚಿನಲ್ಲಿ. ಕಾರು ಬೈಕುಗಳ ಟಯರಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಈಗ ಕೂಡಿಸಿ ಕಳೆಯುವ ಸರಳ ಲೆಕ್ಕ. 25ರ ಜಾಗಕ್ಕೆ 27 ಹಾಕಿದರೆ ಗಾಡಿಯ ಹೊಟ್ಟೆ ನೆಲದಿಂದ ಏರುವುದು 2 ಇಂಚಲ್ಲ, 1 ಇಂಚು. ಆಕ್ಸಲ್ ಇರುವುದು ಚಕ್ರದ ನಡುವಿನಲ್ಲಿ. ಹೆಚ್ಚಿದ ಎತ್ತರದಲ್ಲಿ ಅರ್ಧ ಮಾತ್ರ ಅದರ ಕೆಳಗಿರುತ್ತದೆ. 26 ಹಾಕಿದರೆ ಅರ್ಧ ಇಂಚು. ಇಷ್ಟಕ್ಕೆ ಕೊಡುವ ಬೆಲೆ ನೋಡಿ: 27ನ್ನು 25ರಿಂದ ಭಾಗಿಸಿದರೆ 1.08. ಅಂದರೆ ಗೇರು ಶೇ 8ರಷ್ಟು ಎತ್ತರವಾದಂತೆ. ಎಂಜಿನ್ ಅದೇ, ಅದು ನೆಲವನ್ನು ತಳ್ಳುವ ಬಲ ಶೇ 7ಕ್ಕಿಂತ ತುಸು ಜಾಸ್ತಿಯೇ ಇಳಿಯುತ್ತದೆ. ಇದರ ಮೇಲೆ ಟಯರಿನ ತೂಕ. ಅಡಿಕೆ ತೂಗುವ ಯಂತ್ರದಲ್ಲೇ ಇಟ್ಟು ನೋಡಿದ್ದೆ: ಹಿಂದಿನ ಹಳೆಯ ಟಯರ್ 9 ಕಿಲೊ, 27ರ ಕೆಸರಿನ ಟಯರ್ ಹದಿನೈದೂವರೆ. ತಿರುಗುವ ಚಕ್ರದ ಹೊರ ಅಂಚಿನಲ್ಲಿ ಆರೂವರೆ ಕಿಲೊ ಹೆಚ್ಚಾಗುವುದು ಕ್ಯಾರಿಯರಿನಲ್ಲಿ ಆರೂವರೆ ಕಿಲೊ ಇಟ್ಟಂತಲ್ಲ. ಪ್ರತಿ ಸಲ ಗಾಡಿ ಹೊರಡುವಾಗಲೂ ನಿಲ್ಲುವಾಗಲೂ ಬೆಲ್ಟ್, ಬ್ರೇಕು, ಬೇರಿಂಗು ಅದನ್ನು ಹೊರಬೇಕು.

ಹಾಗಾಗಿ ನನ್ನ ಸಲಹೆ: ಗಾಡಿ ಕೂರುವ ಜಾಗಕ್ಕೆ ಒಂದು ದಿನ ಟೇಪು ಹಿಡಿದುಕೊಂಡು ಹೋಗಿ. ಜಾಡಿನ ಆಳ ಅಳೆಯಿರಿ, ಗಾಡಿಯ ಹೊಟ್ಟೆಯ ಕೆಳಗಿನ ಜಾಗ ಅಳೆಯಿರಿ. ನಾನು ಇದನ್ನು ಮಾಡಿದ್ದು ಎರಡನೆಯ ವರ್ಷ. ನಮಗೆ ಕಡಿಮೆ ಬಿದ್ದಿದ್ದ ಎತ್ತರ ಒಂದು ಬೆರಳಿನ ದಪ್ಪ ಮಾತ್ರ. ಅರ್ಧ ಇಂಚು ಟಯರಿನಿಂದ ಬಂತು, ಉಳಿದದ್ದನ್ನು ದಿಣ್ಣೆ ಕೆತ್ತಿ, ಜಾಡಿಗೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚೂರು ತುಂಬಿಸಿ ಗಳಿಸಿದೆವು. ಜಾಡಿನ ಆಳ ಎರಡು ಮೂರು ಇಂಚು ಹೆಚ್ಚಿದ್ದರೆ ಟಯರಿನಿಂದ ಪರಿಹಾರವಿಲ್ಲ, ದಾರಿಯನ್ನೇ ಸರಿಮಾಡಬೇಕು.

ಇನ್ನು ಟಯರಿನ ಹಲ್ಲು. ಚಿತ್ರದಲ್ಲಿ ಎಲ್ಲರ ಕಣ್ಣು ಹೋಗುವುದು ಒಂದಿಂಚು ಆಳದ ಗಡ್ಡೆಗಳಿರುವ ಕೆಸರಿನ ಟಯರಿನ ಮೇಲೆ. ಗದ್ದೆಯ ಆಳದ ಕೆಸರಿಗೆ ಅದೇ ಸರಿ. ಆದರೆ ನಮ್ಮ ಕಡೆಯ ಮಳೆಗಾಲದ ದಾರಿಯಲ್ಲಿ ಕೆಸರು ಒಂದು ಪಾಲಾದರೆ ಪಾಚಿ ಕಟ್ಟಿದ ಮುರಕಲ್ಲು ಎರಡು ಪಾಲು. ಪಾಚಿಯ ಮೇಲೆ ದೊಡ್ಡ ಗಡ್ಡೆಗೆ ಹಿಡಿತವೇ ಸಿಗುವುದಿಲ್ಲ; ಹತ್ತಿರ ಹತ್ತಿರವಿರುವ ಸಣ್ಣ ಹಲ್ಲುಗಳು, ಸ್ವಲ್ಪ ಮೆತ್ತನೆಯ ರಬ್ಬರು ಅಲ್ಲಿ ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಮರಳಿನಲ್ಲಂತೂ ಆಳದ ಗಡ್ಡೆ ಚಕ್ರವನ್ನು ಹೂಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಡಿಕೆಯ ಬೇರು ಆಳಕ್ಕೆ ಹೋಗುವಂಥದ್ದಲ್ಲ, ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ. 27ರ ಟಯರ್ ಹಾಕಿದ ವರ್ಷ ಸಾಲುಗಳ ನಡುವೆ ತಿರುಗಿಸಿದ ಕಡೆಯೆಲ್ಲ ಮಣ್ಣು ಉತ್ತಂತೆ ಎದ್ದು, ಬೆಳ್ಳಗಿನ ಹೊಸ ಬೇರುಗಳು ಹೊರಗೆ ಕಾಣುತ್ತಿದ್ದವು. ಡ್ರಿಪ್ಪಿನ ಪೈಪು ಎರಡು ಕಡೆ ಕತ್ತರಿಸಿತ್ತು. ಆ ಬೇರುಗಳನ್ನು ನೋಡಿದ ದಿನವೇ ಆ ಟಯರನ್ನು ಕಳಚುವ ಮನಸ್ಸು ಮಾಡಿದೆ. ಹತ್ತು ಮೀಟರ್ ದಾಟುವುದಕ್ಕಾಗಿ ಇಡೀ ತೋಟವನ್ನು ಉಳುವುದು ಸರಿಯಲ್ಲ. ಈಗಿನ 26ರ ಟಯರಿನ ಹಲ್ಲು ಮಧ್ಯಮ ಆಳದ್ದು, ಭುಜದ ಕಡೆ ಮಾತ್ರ ಸ್ವಲ್ಪ ದಪ್ಪ.

ಕೊಳ್ಳುವಾಗ 6 ಪ್ಲೈ ಇರುವುದನ್ನೇ ಕೇಳಿ; ಪ್ಲೈ ಎಂಬುದು ಟಯರಿನ ಗಟ್ಟಿತನ ಹೇಳುವ ಅಂಕಿ. ಮುರಕಲ್ಲಿನ ಅಂಚು ಟಯರಿನ ಅಡಿಯನ್ನು ಬಿಟ್ಟು ಮಗ್ಗುಲನ್ನು ಸೀಳುತ್ತದೆ, ಮಗ್ಗುಲಿನ ಸೀಳಿಗೆ ನಂಬಿಕೆಯ ಪ್ಯಾಚು ಇಲ್ಲ. ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತದೆ: 2324 ಎಂದರೆ 2024ನೆಯ ಇಸವಿಯ 23ನೆಯ ವಾರ. ತಿರುಗುವ ದಿಕ್ಕಿನ ಬಾಣ ಇದೆಯೇ ನೋಡಿ. ಬಹುತೇಕ ಎಟಿವಿ ಟಯರುಗಳ ಮೇಲೆ ಎನ್‌ಎಚ್‌ಎಸ್ ಎಂದು ಇರುತ್ತದೆ, ಹೆದ್ದಾರಿಯ ಓಟಕ್ಕೆ ಅಲ್ಲ ಎಂದರ್ಥ. ಹೆಬ್ರಿ ಪೇಟೆಗೆ ಹೋಗಿ ಬರುವ ದಾರಿ 169ಎ ಹೆದ್ದಾರಿ. ನಾನು ಗಾಡಿಯನ್ನು ಅದಕ್ಕೆ ಇಳಿಸುವುದಿಲ್ಲ, ಬೇಕಾದರೆ ಪಿಕಪ್ಪಿನಲ್ಲಿ ಹೇರಿಕೊಂಡು ಹೋಗುತ್ತೇನೆ.

ಮುಂದಿನದು, ಹಿಂದಿನದು: ಸುಣ್ಣದ ಗುರುತು

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಟಯರುಗಳ ಸುತ್ತಳತೆಯ ಅನುಪಾತ ಕಂಪನಿ ಕೊಟ್ಟಂತೆಯೇ ಉಳಿಯಬೇಕು. ಹಿಂದಿನವು ಸವೆದಿವೆಯೆಂದು ಅವಕ್ಕೆ ಮಾತ್ರ ದೊಡ್ಡದು ಹಾಕಿದರೆ, ಒಂದು ಸುತ್ತಿಗೆ ಹಿಂದಿನ ಚಕ್ರ ಹೆಚ್ಚು ದೂರ ಹೋಗುತ್ತದೆ, ಮುಂದಿನದು ಕಡಿಮೆ. ಗಟ್ಟಿ ನೆಲದಲ್ಲಿ ಎರಡೂ ಪರಸ್ಪರ ಜಗ್ಗಾಡಿ ಶಾಫ್ಟಿಗೂ ಗೇರಿಗೂ ಪೆಟ್ಟು. ಹಿಂದಿನ ಚಕ್ರ ಜಾರಿದಾಗ ಮಾತ್ರ ಮುಂದಿನದು ಕೂಡಿಕೊಳ್ಳುವ ಗಾಡಿಗಳಲ್ಲಿ ಅದು ಕೂಡಿಕೊಳ್ಳಲು ತಡವಾಗಬಹುದು, ಇಲ್ಲವೇ ಬಿಡದೆ ಕೂಡಿಕೊಂಡೇ ಇರಬಹುದು.

ಟಯರಿನ ಮೇಲೆ 26 ಎಂದು ಒತ್ತಿದ್ದರೂ ನಿಜವಾದ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳದಲ್ಲಿ ನಾನು ಹೀಗೆ ಅಳೆಯುತ್ತೇನೆ. ನಾಲ್ಕೂ ಟಯರಿಗೆ ಸರಿಯಾದ ಗಾಳಿ ಇರಲಿ. ಬೋರ್ಡೊಗೆ ತಂದ ಸುಣ್ಣವನ್ನೇ ಗಟ್ಟಿಯಾಗಿ ಕಲಸಿ, ಟಯರಿನ ನಡುವಿನ ಒಂದು ಹಲ್ಲಿಗೆ ಬೆರಳಿನಲ್ಲಿ ಹಚ್ಚುತ್ತೇನೆ. ಅಕ್ಕನ ಮಗ ಗಾಡಿಯ ಮೇಲೆ ಕೂತಿರುತ್ತಾನೆ, ಏಕೆಂದರೆ ಓಡಿಸುವವನ ಭಾರ ಇದ್ದಾಗಿನ ಅಳತೆಯೇ ಬೇಕಾದದ್ದು. ನ್ಯೂಟ್ರಲ್ಲಿನಲ್ಲಿ ಹಿಂದಿನಿಂದ ನೆಟ್ಟಗೆ ಮೆಲ್ಲಗೆ ತಳ್ಳಿದರೆ ಸುಣ್ಣದ ಹಲ್ಲು ನೆಲ ಮುಟ್ಟಿ ಬಿಳಿ ಗುರುತು ಬೀಳುತ್ತದೆ, ಇನ್ನೊಂದು ಸುತ್ತು ಉರುಳಿದಾಗ ಮತ್ತೊಂದು. ಎರಡು ಗುರುತುಗಳ ನಡುವೆ ಟೇಪು ಹಿಡಿದರೆ ಅದೇ ಉರುಳುವ ಸುತ್ತಳತೆ. ನಮ್ಮ ಹಳೆಯ ಟಯರುಗಳಲ್ಲಿ ಮುಂದೆ 192 ಸೆಂಟಿಮೀಟರ್, ಹಿಂದೆ 193 ಬಂತು. ಹೊಸದರಲ್ಲಿ ಮುಂದೆ 200, ಹಿಂದೆ 201. ಅನುಪಾತ ಹಾಗೇ ಉಳಿದಿದೆ. ಸೆಂಟಿಮೀಟರಿನ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸ ಬಂದರೆ ಗಾಳಿಯಲ್ಲಿ ಅರ್ಧ ಪಿಎಸ್‌ಐ ಏರಿಸಿ ಇಳಿಸಿ ಸರಿಹೊಂದಿಸಬಹುದು. ನಾಲ್ಕೈದು ಸೆಂಟಿಮೀಟರ್ ಬಂದರೆ ಆ ಜೋಡಿ ಟಯರ್ ನಿಮ್ಮ ಗಾಡಿಗೆ ಅಲ್ಲ, ಕಳಚಿ ಹಿಂದಕ್ಕೆ ಕೊಡಿ.

ಎಡ ಬಲವನ್ನೂ ಹೀಗೆಯೇ ನೋಡಿ. ಚೈನಿನ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆಕ್ಸಲಿಗೆ ಬಿಗಿದಿರುವುದರಿಂದ ಒಂದು ಕಡೆ ಎರಡು ಸೆಂಟಿಮೀಟರ್ ದೊಡ್ಡದಾದರೂ ಗಾಡಿ ಯಾವಾಗಲೂ ಇನ್ನೊಂದು ಕಡೆಗೆ ಎಳೆಯುತ್ತದೆ.

ರಿಮ್ಮು, ಮತ್ತು ನಮ್ಮ ಸಂಕ

ಹಳೆಯ ರಿಮ್ಮಿಗೇ ಹೊಸ ಟಯರ್ ಹಾಕುವುದಾದರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು. ನಾನು ಮೆಚ್ಚುವುದೂ ಅದನ್ನೇ. ಹೊಸ ರಿಮ್ಮು ತರುವುದಾದರೆ ಬೋಲ್ಟುಗಳು ಕೂರುವ ವೃತ್ತದ ವ್ಯಾಸ ನೋಡಬೇಕು. ಎಲ್ಲದಕ್ಕೂ ನಾಲ್ಕೇ ಬೋಲ್ಟಾದರೂ ಪೊಲಾರಿಸ್ ಗಾಡಿಗಳಲ್ಲಿ ಸಾಮಾನ್ಯವಾಗಿ 156 ಮಿಲಿಮೀಟರ್, ಕ್ಯಾನ್-ಆ್ಯಮ್‌ನಲ್ಲಿ 137, ಹೋಂಡಾ ಮತ್ತು ಯಮಹಾದ ಬಹುತೇಕ ಮಾದರಿಗಳಲ್ಲಿ 110. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ರಿಮ್ಮಿನ ಮೇಲೆ 5+2, 4+3 ಎಂಬ ಗುರುತು ಇರುತ್ತದೆ. ಹಬ್ಬಿಗೆ (ಚಕ್ರವನ್ನು ಬಿಗಿಯುವ ಗಾಡಿಯ ಭಾಗಕ್ಕೆ) ಕೂರುವ ಮುಖದಿಂದ ಒಳಗಡೆಗೆ 5 ಇಂಚು, ಹೊರಗಡೆಗೆ 2 ಎಂದರ್ಥ. 5+2ರ ಬದಲು 4+3 ಹಾಕಿದರೆ ಪ್ರತಿ ಚಕ್ರ ಒಂದಿಂಚು ಹೊರಗೆ ಬರುತ್ತದೆ, ಗಾಡಿ ಒಟ್ಟು ಎರಡಿಂಚು ಅಗಲವಾಗುತ್ತದೆ. ಅಗಲವಾದರೆ ಇಳಿಜಾರಿನಲ್ಲಿ ಗಾಡಿ ಗಟ್ಟಿ ನಿಲ್ಲುತ್ತದೆ, ಒಳಗಿನ ತಿಕ್ಕಾಟವೂ ಕಡಿಮೆ. ಆದರೆ ಬೇರಿಂಗಿನ ಮೇಲೆ ಸನ್ನೆಗೋಲಿನಂತೆ ಭಾರ ಬೀಳುತ್ತದೆ, ಹ್ಯಾಂಡಲ್ ಭಾರವಾಗುತ್ತದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಡ್ಡಿ ತೋಡಿನ ಸಂಕ, ಅಂದರೆ ಸಣ್ಣ ಸೇತುವೆ. ಕಾಂಕ್ರೀಟಿನ ಹಲಗೆ, ಅಗಲ 137 ಸೆಂಟಿಮೀಟರ್. ಗಾಡಿಯ ಅಗಲ 122. ಈಗ ಎರಡೂ ಬದಿಗೆ ಏಳೂವರೆ ಸೆಂಟಿಮೀಟರ್ ಜಾಗ ಸಿಗುತ್ತದೆ, ಅಂದರೆ ಒಂದು ಅಂಗೈಯಗಲ. 4+3 ಹಾಕಿದರೆ ಐದು ಸೆಂಟಿಮೀಟರೂ ಉಳಿಯುವುದಿಲ್ಲ. ಕೆಳಗೆ ಜುಲೈಯ ತೋಡು ತುಂಬಿ ಹರಿಯುತ್ತಿರುತ್ತದೆ. ಆ ಲೆಕ್ಕವೊಂದರಿಂದಲೇ ಹಳೆಯ 5+2 ರಿಮ್ಮನ್ನು ಉಳಿಸಿಕೊಂಡೆ. ನಿಮ್ಮ ತೋಟದ ಸಂಕ, ಗೇಟು, ಕಣಿಯ ಬದಿಯ ದಾರಿ, ಇವನ್ನು ಅಳೆಯದೆ ರಿಮ್ಮು ತರಬೇಡಿ.

ಎಲ್ಲಿ ತಿಕ್ಕುತ್ತದೆ

ನಿಂತ ಗಾಡಿಯಲ್ಲಿ ಬೆರಳು ತೂರಿಸಿ ಜಾಗವಿದೆ ಎಂದು ತೃಪ್ತಿಪಡಬೇಡಿ. ಟಯರ್ ತಿಕ್ಕುವುದು ಗಾಡಿ ಹೊಂಡಕ್ಕೆ ಬಿದ್ದು ಶಾಕ್ ಅಬ್ಸಾರ್ಬರ್ ಪೂರ್ತಿ ಒತ್ತಿಕೊಂಡಾಗ, ಅದೂ ಹ್ಯಾಂಡಲ್ ಪೂರ್ತಿ ತಿರುಗಿರುವಾಗ. ಆ ಸ್ಥಿತಿಯನ್ನು ಶೆಡ್ಡಿನಲ್ಲೇ ತರಬೇಕು. ಗಾಡಿಯ ಚಾಸಿಯನ್ನು ಮರದ ದಿಮ್ಮಿಯ ಮೇಲೆ ಭದ್ರವಾಗಿ ಕೂರಿಸಿ, ಮುಂದಿನ ಒಂದು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು ಬಿಡಿಸಿ ಬದಿಗೆ ಸರಿಸಿ. ಆಮೇಲೆ ಹೊಸ ಟಯರ್ ಹಾಕಿದ ಚಕ್ರವನ್ನು ಜಾಕಿನಿಂದ ನಿಧಾನವಾಗಿ ಮೇಲಕ್ಕೆತ್ತಿ. ಎಷ್ಟು ಎತ್ತರದವರೆಗೆ ಎತ್ತಬೇಕು ಎಂಬುದಕ್ಕೆ ಶಾಕ್ ಅಬ್ಸಾರ್ಬರಿನ ರಾಡು ಒಳಗೆ ಹೋಗುವ ಉದ್ದವನ್ನು ಮೊದಲೇ ಅಳೆದಿಟ್ಟುಕೊಳ್ಳಿ. ಅಲ್ಲಿ ನಿಲ್ಲಿಸಿ, ಹ್ಯಾಂಡಲನ್ನು ಎಡದ ತುದಿಗೆ, ಬಲದ ತುದಿಗೆ ತಿರುಗಿಸಿ ನೋಡಿ.

ನೋಡಬೇಕಾದ ಜಾಗಗಳು: ಮುಂದಿನ ಚಕ್ರದ ಹಿಂದೆ ಕಾಲಿಡುವ ತಟ್ಟೆಯ ಮೂಲೆ, ಮುಂದಿನ ಬಂಪರಿನ ಬದಿ, ಒಳಗಡೆ ಚಕ್ರ ಹೊರಳಿಸುವ ಟೈ ರಾಡಿನ ತುದಿ, ಬ್ರೇಕಿನ ಹೋಸ್. ಎಲ್ಲ ಕಡೆ ನಿಮ್ಮ ಹೆಬ್ಬೆರಳು ಸಲೀಸಾಗಿ ಹೋಗುವಷ್ಟು ಜಾಗವಿರಲಿ. ಅಷ್ಟು ಯಾಕೆಂದರೆ ಹಲ್ಲಿನ ನಡುವೆ ಮಣ್ಣು ಮೆತ್ತಿಕೊಂಡು ಟಯರ್ ಇನ್ನಷ್ಟು ದಪ್ಪವಾಗುತ್ತದೆ. ಪ್ಲಾಸ್ಟಿಕ್ಕಿನ ಮಡ್‌ಗಾರ್ಡಿನ ಮೂಲೆ ಸ್ವಲ್ಪ ತಾಗಿದರೆ ಬಿಸಿಗಾಳಿಯ ಗನ್ನಿನಿಂದ ಮೆತ್ತಗೆ ಮಾಡಿ ಒಳಕ್ಕೆ ಒತ್ತಬಹುದು. ಕತ್ತರಿಸುವುದು ಕೊನೆಯ ಮಾತು. ಬ್ರೇಕಿನ ಹೋಸಿಗೆ ತಾಗುತ್ತದೆ ಎಂದರೆ ಅಲ್ಲಿ ರಾಜಿ ಇಲ್ಲ. ಹೋಸಿನ ದಾರಿ ಬದಲಿಸಿ ಕ್ಲಿಪ್ಪು ಹಾಕಬೇಕು, ಇಲ್ಲವೇ ಸಣ್ಣ ಟಯರಿಗೆ ಹೋಗಬೇಕು.

ಗಾಡಿಯನ್ನೇ ಎರಡಿಂಚು ಎತ್ತುವ ಬ್ರಾಕೆಟ್ಟುಗಳು ಸಿಗುತ್ತವೆ. ನಾನು ಹಾಕಲಿಲ್ಲ. ಅವನ್ನು ಹಾಕಿದರೆ ಆಕ್ಸಲಿನ ಸಂದು ಹೆಚ್ಚು ಬಾಗಿದ ಕೋನದಲ್ಲೇ ಸದಾ ತಿರುಗುತ್ತದೆ, ಅದರ ರಬ್ಬರ್ ಬೂಟು ಬೇಗ ಹರಿಯುತ್ತದೆ. ಹರಿದ ಬೂಟಿನೊಳಗೆ ನಮ್ಮ ಕೆಂಪು ಕೆಸರು ಹೊಕ್ಕರೆ ಗ್ರೀಸು ಅರೆಯುವ ಹಿಟ್ಟಿನಂತಾಗಿ ಸಂದನ್ನು ತಿಂದುಹಾಕುತ್ತದೆ.

ಕೈಯಲ್ಲೇ ಹಾಕುವುದು

ಕಾರಿನ ಟಯರ್ ಕಳಚುವ ಯಂತ್ರವಿರುವ ಅಂಗಡಿಗಳಲ್ಲೂ ಕೆಲವರು ಎಟಿವಿ ಚಕ್ರವನ್ನು ಮುಟ್ಟಲು ಹಿಂಜರಿಯುತ್ತಾರೆ. ರಿಮ್ಮು ಸಣ್ಣದು, ಮಗ್ಗುಲು ದಪ್ಪ. ತಾಳ್ಮೆ ಇದ್ದರೆ ಮನೆಯಲ್ಲೇ ಆಗುತ್ತದೆ. ಹೊಸ ಟಯರುಗಳನ್ನು ಎರಡು ಗಂಟೆ ಬಿಸಿಲಿಗೆ ಇಡಿ, ರಬ್ಬರು ಮೆತ್ತಗಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಮೇ ತಿಂಗಳೇ ಸರಿ, ಮಳೆ ಹಿಡಿದ ಮೇಲೆ ಅಲ್ಲ.

ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ, ಆಮೇಲೆ ಜಾಕು ಹಾಕಿ ಕಳಚಿ. ವಾಲ್ವಿನ ಒಳಗಿನ ಸೂಜಿ ತೆಗೆದು ಗಾಳಿ ಪೂರ್ತಿ ಹೋಗಲು ಬಿಡಿ. ಈಗ ಕಷ್ಟದ ಕೆಲಸ, ಬೀಡನ್ನು, ಅಂದರೆ ರಿಮ್ಮಿಗೆ ಕಚ್ಚಿಕೊಂಡಿರುವ ಟಯರಿನ ಒಳ ಅಂಚನ್ನು, ಬಿಡಿಸುವುದು. ಕಡಿಮೆ ಗಾಳಿಯಲ್ಲಿ ಓಡುವ ಟಯರಾದ್ದರಿಂದ ಬೀಡು ಜಾರದಂತೆ ರಿಮ್ಮಿನಲ್ಲಿ ಒಂದು ಉಬ್ಬು ಕೊಟ್ಟಿರುತ್ತಾರೆ, ಕಾಲಲ್ಲಿ ತುಳಿದರೆ ಬಿಡುವುದಿಲ್ಲ. ನಾನು ಪಿಕಪ್ಪನ್ನು ಉಪಯೋಗಿಸುತ್ತೇನೆ. ಅದಕ್ಕೆ ಹ್ಯಾಂಡ್‌ಬ್ರೇಕು ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎಳೆಯುವ ಕೊಕ್ಕೆಯ ಕೆಳಗೆ ಎಟಿವಿ ಚಕ್ರವನ್ನು ಮಲಗಿಸುತ್ತೇನೆ. ರಿಮ್ಮಿನ ಅಂಚಿಗೆ ಅಂಟಿದಂತೆ ಟಯರಿನ ಮೇಲೆ ಒಂದು ಮರದ ತುಂಡು, ಅದರ ಮೇಲೆ ಬಾಟಲ್ ಜಾಕು, ಜಾಕಿನ ತಲೆ ಕೊಕ್ಕೆಗೆ. ಸೋಪಿನ ನೀರು ಧಾರಾಳವಾಗಿ ಸುರಿದು ಜಾಕು ಏರಿಸುತ್ತಾ ಹೋದರೆ ಟಯರ್ ಕುಸಿಯುತ್ತದೆ, ಕುಸಿಯುತ್ತದೆ, ಇನ್ನು ಬಿಡುವುದೇ ಇಲ್ಲವೇನೋ ಎನ್ನುವಾಗ ಅಂಚಿನಲ್ಲಿ ಸೋಪಿನ ಗುಳ್ಳೆ ಎದ್ದು ಬೀಡು ಒಮ್ಮೆಲೇ ಕೆಳಗೆ ಜಾರುತ್ತದೆ. ಜಾಕು ಇಳಿಸಿ, ಚಕ್ರವನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಹಾಗೆಯೇ. ಎರಡೂ ಮಗ್ಗುಲು ಮುಗಿಯಬೇಕು. ಜಾಕು ಓರೆಯಾದರೆ ಹಾರುತ್ತದೆ. ನೇರ ನಿಂತಿದೆಯೇ ಎಂದು ಪ್ರತಿ ಸಲವೂ ನೋಡಿ, ಮುಖವನ್ನು ಆ ಸಾಲಿನಲ್ಲಿ ಇಡಬೇಡಿ.

ಆಮೇಲೆ ಟಯರ್ ಲಿವರು ಮೂರು ಬೇಕು. ಅಲ್ಯೂಮಿನಿಯಂ ರಿಮ್ಮಿಗೆ ಗೀರು ಬೀಳದಂತೆ ಹಳೆಯ ಸಿಂಪಡಣೆ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸುತ್ತೇನೆ. ಇಲ್ಲಿ ಗುಟ್ಟು ಒಂದೇ: ನೀವು ಲಿವರು ಹಾಕುವ ಜಾಗದ ಎದುರು ಬದಿಯಲ್ಲಿ ಬೀಡು ರಿಮ್ಮಿನ ನಡುವಿನ ತಗ್ಗಿಗೆ ಇಳಿದಿರಬೇಕು. ಮೊಣಕಾಲೂರಿ ಅದನ್ನು ಅಲ್ಲಿ ಒತ್ತಿ ಹಿಡಿದರೆ ಈ ಬದಿಯ ಬೀಡು ಬೆರಳಷ್ಟು ಸಡಿಲಾಗಿ ಲಿವರು ಹಗುರಾಗಿ ಏಳುತ್ತದೆ. ಲಿವರನ್ನು ಮೈಭಾರ ಹಾಕಿ ಜಗ್ಗಬೇಕಾಗಿ ಬಂದಿತೆಂದರೆ ಎದುರಿನ ಬೀಡು ತಗ್ಗಿನಿಂದ ಮೇಲೆದ್ದಿದೆ ಎಂದೇ ತಿಳಿಯಿರಿ. ಬಲ ಹಾಕಿದರೆ ಬೀಡಿನ ಒಳಗಿನ ತಂತಿ ಮುರಿದು ಹೊಸ ಟಯರೇ ಹಾಳು.

ರಿಮ್ಮಿನ ಒಳಭಾಗವನ್ನು ತಂತಿಯ ಬ್ರಶ್ಶಿನಿಂದ ತಿಕ್ಕಿ ಒರೆಸಿ. ವರ್ಷಗಳ ಕೆಂಪು ಮಣ್ಣು ಕಲ್ಲಿನಂತೆ ಕೂತಿರುತ್ತದೆ, ಗಾಳಿ ಸೋರುವುದು ಅಲ್ಲಿಂದಲೇ. ವಾಲ್ವನ್ನು ಹೊಸದಾಗಿ ಹಾಕಿ. ಬಾಣದ ದಿಕ್ಕು ನೋಡಿ, ಎಡದ್ದು ಬಲದ್ದು ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡು ಹಾಕಿ. ಬೀಡಿಗೆ ಸೋಪಿನ ನೀರು ಮಾತ್ರ ಹಚ್ಚಬೇಕು. ತೆಂಗಿನೆಣ್ಣೆ, ಗ್ರೀಸು, ಹಳೆಯ ಆಯಿಲ್ ಬೇಡ. ಅವು ಒಣಗುವುದಿಲ್ಲ, ಕಡಿಮೆ ಗಾಳಿಯಲ್ಲಿ ಟಯರು ರಿಮ್ಮಿನ ಮೇಲೆ ಜಾರುತ್ತದೆ.

ಗಾಳಿ ತುಂಬಿಸಿ ಬೀಡು ಕೂರಿಸುವಾಗ ಎಚ್ಚರ. ಹೊಸ ಟಯರಿನ ಎರಡು ತುಟಿಗಳೂ ಒಳಕ್ಕೆ ಮುದುಡಿರುವುದರಿಂದ ಗಾಳಿ ನಿಲ್ಲದೆ ಹೊರಗೆ ಹೋಗುತ್ತದೆ. ಟಯರಿನ ಸುತ್ತ ನಡುಭಾಗಕ್ಕೆ ಗಟ್ಟಿ ಹಗ್ಗ ಸುತ್ತಿ, ಒಂದು ಕೋಲು ಸಿಕ್ಕಿಸಿ ಹುರಿ ಹಾಕಿದರೆ ನಡು ಬಿಗಿದು ತುಟಿಗಳು ಹೊರಕ್ಕೆ ಅರಳುತ್ತವೆ. ವಾಲ್ವಿನ ಸೂಜಿ ಇಲ್ಲದೆಯೇ ಕಂಪ್ರೆಸರಿನ ಗಾಳಿ ಬಿಡಿ, ಬೇಗ ತುಂಬುತ್ತದೆ. ತುಟಿಗಳು ರಿಮ್ಮಿಗೆ ತಾಗಿ ಗಾಳಿ ನಿಲ್ಲತೊಡಗಿದ ಕೂಡಲೇ ಹಗ್ಗ ಬಿಡಿಸಬೇಕು. ಟಪ್ ಎಂದು ಒಂದು ಬದಿ, ಟಪ್ ಎಂದು ಇನ್ನೊಂದು ಬದಿ ಕೂರುತ್ತದೆ. ಬೀಡು ಕೂರಿಸಲು ಮೀರಬಾರದ ಒತ್ತಡವನ್ನು ಟಯರಿನ ಮಗ್ಗುಲಲ್ಲೇ ಬರೆದಿರುತ್ತಾರೆ. ಅಷ್ಟಕ್ಕೆ ಬಂದರೂ ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು, ಮತ್ತೆ ಸೋಪು ಹಚ್ಚಿ, ಮೊದಲಿನಿಂದ ಮಾಡಿ. ಇನ್ನೂ ಸ್ವಲ್ಪ ತುಂಬಿಸಿ ನೋಡೋಣ ಎನ್ನುವವರನ್ನು ದೂರ ನಿಲ್ಲಿಸಿ. ಪೆಟ್ರೋಲು ಅಥವಾ ಸ್ಪ್ರೇ ಹಾಕಿ ಬೆಂಕಿ ಕೊಟ್ಟು ಕೂರಿಸುವ ವಿಡಿಯೊಗಳು ಮೊಬೈಲಿನಲ್ಲಿ ಸುತ್ತುತ್ತಿರುತ್ತವೆ. ಅಕ್ಕನ ಮಗ ಒಂದನ್ನು ತಂದು ತೋರಿಸಿ, "ಮಾವ, ಎರಡೇ ಸೆಕೆಂಡಿನ ಕೆಲಸ" ಎಂದ. ಆ ಎರಡು ಸೆಕೆಂಡಿನಲ್ಲಿ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು ಎಂದು ಅವನನ್ನು ಕೂರಿಸಿ ವಿವರವಾಗಿ ಹೇಳಿದೆ.

ಬೀಡು ಕೂತ ಮೇಲೆ ರಿಮ್ಮಿನ ಅಂಚಿಗೆ ಸಮಾನಾಂತರವಾಗಿ ಟಯರಿನಲ್ಲಿರುವ ಗೆರೆ ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಬಿಗಿಯಬೇಕು, ಸುತ್ತುವರಿದು ಅಲ್ಲ. ಕಬ್ಬಿಣದ ರಿಮ್ಮಿನ ನಟ್ಟು ಬೇರೆ, ಅಲ್ಯೂಮಿನಿಯಂ ರಿಮ್ಮಿನದು ಬೇರೆ ಇರಬಹುದು. ಶಂಕುವಿನಾಕಾರದ ನಟ್ಟಿನ ಜಾಗಕ್ಕೆ ಚಪ್ಪಟೆಯದು ಹಾಕಿದರೆ ಚಕ್ರ ಸಡಿಲಾಗುತ್ತದೆ. ಎಷ್ಟು ಬಿಗಿ ಎಂಬುದನ್ನು ಗಾಡಿಯ ಪುಸ್ತಕ ನೋಡಿ ಟಾರ್ಕ್ ಪಾನಾದಿಂದ ಬಿಗಿಯಿರಿ. ಒಂದು ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ, ಮರುದಿನ ಇನ್ನೊಮ್ಮೆ.

ಗಾಳಿಯ ಮಾಪಕಕ್ಕೆ ದುಡ್ಡು ಖರ್ಚು ಮಾಡಿ. ಪೆಟ್ರೋಲ್ ಬಂಕಿನ ಮಾಪಕ ಕಾರಿನ 30 ಪಿಎಸ್‌ಐ ತೋರಿಸಲು ಇರುವುದು. ನಮಗೆ ಬೇಕಾದದ್ದು 5ರಿಂದ 7. ಅಲ್ಲಿ ಒಂದು ಪಿಎಸ್‌ಐ ಹೆಚ್ಚು ಕಡಿಮೆಯಾದರೂ ಓಟವೇ ಬದಲಾಗುತ್ತದೆ. 0ರಿಂದ 15ರವರೆಗೆ ಮಾತ್ರ ತೋರಿಸುವ ಮಾಪಕ ತರಿಸಿಕೊಳ್ಳಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಿ. ನಾನು ಭಾರ ಹೇರುವ ದಿನ 7, ಬರಿಗಾಡಿಗೆ 6 ಇಡುತ್ತೇನೆ. ಅದಕ್ಕಿಂತ ಇಳಿಸಿದರೆ ಮುರಕಲ್ಲಿನ ಅಂಚಿಗೆ ರಿಮ್ಮೇ ಬಡಿಯುತ್ತದೆ.

ಬೆಲ್ಟು ಸುಟ್ಟದ್ದು ಹೇಗೆ

27ರ ಟಯರ್ ಹಾಕಿದ ವರ್ಷ ಆಗಸ್ಟಿನಲ್ಲಿ, ಕೆಳಗಿನ ತೋಟದಿಂದ ಭಾರ ಹೇರಿಕೊಂಡು ಹೈ ಗೇರಿನಲ್ಲೇ ಏರು ಹತ್ತಿಸುತ್ತಿದ್ದೆ. ಹಳೆಯ ಟಯರಿನಲ್ಲಿ ಹಾಗೆಯೇ ಹತ್ತಿಸಿ ಅಭ್ಯಾಸ. ನಡುವಿನಲ್ಲಿ ಎಂಜಿನ್ನಿನ ಸದ್ದು ಏರಿತು, ಗಾಡಿ ಏರಲಿಲ್ಲ. ಸುಟ್ಟ ರಬ್ಬರಿನ ವಾಸನೆ ಬಂತು. ಪುಲ್ಲಿಯ ನಡುವೆ ಬೆಲ್ಟು ಜಾರಿ ಜಾರಿ ಒಂದು ಕಡೆ ಕನ್ನಡಿಯಂತೆ ನುಣುಪಾಗಿತ್ತು. ಮನೆ ಮುಟ್ಟುವ ಮೊದಲೇ ತುಂಡಾಯಿತು. ಹೈಯಲ್ಲಿ ನಿಧಾನ ಹೋಗುವಾಗ ಬೆಲ್ಟಿನ ಮೇಲೆ ಬೀಳುವ ಭಾರ ದೊಡ್ಡ ಟಯರಿನಿಂದ ಇನ್ನಷ್ಟು ಹೆಚ್ಚಿತ್ತು, ನಾನು ಅಭ್ಯಾಸ ಬದಲಿಸಿರಲಿಲ್ಲ.

ಈಗ ಭಾರವಿದ್ದರೆ, ಏರಿದ್ದರೆ, ಕೆಸರಿದ್ದರೆ ಲೋ ಗೇರು. ಅದಕ್ಕೆ ವಿನಾಯಿತಿ ಇಟ್ಟುಕೊಂಡಿಲ್ಲ. 27 ಅಥವಾ ಅದಕ್ಕಿಂತ ದೊಡ್ಡದು ಬೇಕೇ ಬೇಕು ಎನ್ನುವವರು ಕ್ಲಚ್ಚಿನ ಒಳಗಿನ ತೂಕದ ತುಂಡುಗಳನ್ನು ಹಗುರ ಮಾಡಿ, ಸ್ಪ್ರಿಂಗನ್ನು ಬಿಗಿಯಾದದ್ದಕ್ಕೆ ಬದಲಿಸಿಕೊಳ್ಳಬೇಕು. ಟಯರಿನ ಬೆಲೆಯ ಜೊತೆಗೆ ಆ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. ಚೈನಿನ ಗಾಡಿಯವರಿಗೆ ಇದು ಸುಲಭ: ಟಯರ್ ಶೇ 8 ದೊಡ್ಡದಾದರೆ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ಶೇ 8 ಹೆಚ್ಚಿಸಿದರಾಯಿತು, 37 ಹಲ್ಲಿನ ಜಾಗಕ್ಕೆ 40.

ಇನ್ನೊಂದು ಮಾತು ತೋಡು ದಾಟುವವರಿಗೆ. ಗಾಡಿ ಎತ್ತರವಾಯಿತು ಎಂಬ ಧೈರ್ಯದಲ್ಲಿ ಹೆಚ್ಚು ನೀರಿಗೆ ಇಳಿಸುವ ಮನಸ್ಸಾಗುತ್ತದೆ. 26ರ ಟಯರಿನಲ್ಲಿ ಬೆಲ್ಟಿನ ಡಬ್ಬಿಗೆ ಗಾಳಿ ಹೋಗುವ ಬಾಯಿ ಮೇಲೇರಿದ್ದು ಅರ್ಧ ಇಂಚು ಮಾತ್ರ. ಒಳಗೆ ನೀರು ಹೊಕ್ಕರೆ ಬೆಲ್ಟು ಜಾರುತ್ತದೆ. ಆಗ ಡಬ್ಬಿಯ ಕೆಳಗಿನ ಬಿರಡೆ ಬಿಚ್ಚಿ ನೀರು ಇಳಿಸಿ, ನ್ಯೂಟ್ರಲ್ಲಿನಲ್ಲಿಟ್ಟು ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಒಣಗಿಸಬೇಕು. ತಟ್ಟು ತಟ್ಟಾಗಿರುವ ತೋಟದಲ್ಲಿ ಅಡ್ಡ ಇಳಿಜಾರೂ ಹಾಗೆಯೇ: ಟಯರ್ ಎತ್ತರವಾದಷ್ಟೂ ಗಾಡಿ ಮಗುಚುವ ಕೋನ ಹತ್ತಿರ ಬರುತ್ತದೆ. ಮೊದಲ ವಾರ ಗೊತ್ತಿದ್ದ ದಾರಿಯಲ್ಲೂ ಹೊಸ ಗಾಡಿ ಕಲಿಯುವವರಂತೆ ಓಡಿಸಿ. ಬ್ರೇಕು ಹಿಡಿಯುವ ದೂರ ಹೆಚ್ಚಾಗಿದೆ. ಹೆಲ್ಮೆಟ್ ಇಲ್ಲದೆ ನಮ್ಮ ಮನೆಯಲ್ಲಿ ಯಾರಿಗೂ ಕೀಲಿ ಕೊಡುವುದಿಲ್ಲ.

ತಿಂಗಳಿಗೊಮ್ಮೆ ಚಾಸಿಯನ್ನು ದಿಮ್ಮಿಯ ಮೇಲೆ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡುತ್ತೇನೆ, ಬೇರಿಂಗೋ ಬಾಲ್ ಜಾಯಿಂಟೋ ಸಡಿಲಾಗಿದ್ದರೆ ಕೈಗೆ ತಿಳಿಯುತ್ತದೆ. ಆಕ್ಸಲಿನ ಬೂಟುಗಳನ್ನು ತೊಳೆದು ಬೆರಳಿನಿಂದ ಮಡಿಕೆ ಮಡಿಕೆ ಬಿಡಿಸಿ ನೋಡುತ್ತೇನೆ. ಹಳೆಯ 25ರ ಟಯರುಗಳು ಶೆಡ್ಡಿನ ಅಟ್ಟದಲ್ಲಿವೆ, ಬಿಸಿಲು ತಾಗದಂತೆ ಗೋಣಿ ಹೊದೆಸಿದ್ದೇನೆ. ಶೆಡ್ಡಿನ ಬಾಗಿಲ ಒಳಬದಿಯಲ್ಲಿ ಅದೇ ಸುಣ್ಣದಿಂದ ಬರೆದಿರುವುದು ಇಷ್ಟು: ಬರಿಗಾಡಿ 6, ಭಾರಕ್ಕೆ 7, ಮುಂದೆ 200, ಹಿಂದೆ 201, ಸಂಕ 137. ಗಾಡಿ ಹೊರಗೆ ತೆಗೆಯುವವರು ಯಾರೇ ಆಗಲಿ, ಬಾಗಿಲು ತೆರೆದಾಗ ಕಣ್ಣಿಗೆ ಬೀಳುತ್ತದೆ.